ಎಂಟು ತಂತಿ, ಒಂದನೇ ಕಾಲ

ಮ್ಯಾಂಡೊಲಿನ್ ಕಲಿಯುತ್ತಿದ್ದೇನೆ ಅಂದರೆ ಜನ ಅವರವರ ವಯಸ್ಸಿಗೆ ತಕ್ಕ ಪ್ರಶ್ನೆ ಕೇಳುತ್ತಾರೆ. ನನ್ನ ವಾರಿಗೆಯವರದು, “ಶ್ರೀನಿವಾಸ್ ನುಡಿಸ್ತಿದ್ರಲ್ಲ, ಅದೇನಾ?” ಸೊಸೆಯ ವಾರಿಗೆಯವರಿಗೆ ಸಾಸಿವೆ ಹೊಲದಲ್ಲಿ ನಿಂತ ಶಾರುಖ್ ಖಾನ್ ಕಣ್ಣಮುಂದೆ ಬರುತ್ತಾನೆ. 1995ರ ಆ ಸಿನಿಮಾ ಬಂದು ಇಷ್ಟು ವರ್ಷವಾದರೂ ಮ್ಯಾಂಡೊಲಿನ್ ಅಂದರೆ ಅರ್ಧ ಜನಕ್ಕೆ ಪ್ರೇಮ, ಉಳಿದರ್ಧಕ್ಕೆ ಕಛೇರಿ. ಎರಡರ ನಡುವೆ ಸರಳೆ, ಜಂಟಿ, ಅಲಂಕಾರ ಅಂತ ಒಂದು ದೊಡ್ಡ ಬಯಲಿದೆ, ನಾನು ಸದ್ಯ ಅಲ್ಲಿದ್ದೇನೆ ಅಂದರೆ ಎರಡೂ ಕಡೆಯವರ ಮುಖ ಸಪ್ಪಗಾಗುತ್ತದೆ.

ನಿವೃತ್ತಿಯಾದ ಮೇಲೆ ಸಂಗೀತ ಕಲಿಯುವುದು ಮೈಸೂರಿನಲ್ಲಿ ವಿಶೇಷವೇನಲ್ಲ. ನಮ್ಮ ಬಡಾವಣೆಯಲ್ಲಿ ಸಂಜೆ ಒಂದು ಸುತ್ತು ಹೊರಟರೆ ಒಂದು ಮನೆಯಲ್ಲಿ ಕೊಳಲು, ಇನ್ನೊಂದರಲ್ಲಿ ಕೀಬೋರ್ಡು, ಮೂಲೆಮನೆಯಲ್ಲಿ ದೇವರನಾಮದ ಗುಂಪು. ಆದರೆ ವೀಣೆ ಶೇಷಣ್ಣನವರ ಊರಿನಲ್ಲಿ ಅರವತ್ತು ದಾಟಿದ ಹೆಂಗಸು ವಾದ್ಯ ಕಲಿಯುತ್ತೇನೆ ಅಂದರೆ ಅದು ವೀಣೆಯೇ ಎಂದು ಎಲ್ಲರೂ ತೀರ್ಮಾನಿಸಿಬಿಡುತ್ತಾರೆ. ನಮ್ಮ ಯಜಮಾನರೂ ಹಾಗೇ ತೀರ್ಮಾನಿಸಿ ದಿವಾನದ ಪಕ್ಕ ಟೇಪು ಹಿಡಿದು ಜಾಗ ಅಳೆದಿದ್ದರು. ನನ್ನ ಲೆಕ್ಕ ಬೇರೆ ಇತ್ತು. ವೀಣೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂರಲು ಮಂಡಿ ಒಪ್ಪಬೇಕು. ಮ್ಯಾಂಡೊಲಿನ್ನಿಗೆ ಕುರ್ಚಿ ಸಾಕು. ಚೀಲದಲ್ಲಿಟ್ಟು ಬೆನ್ನಿಗೆ ಹಾಕಿಕೊಂಡರೆ ಸ್ಕೂಟರಿನಲ್ಲೂ ಬರುತ್ತದೆ. ಇನ್ನೂ ಘನವಾದ ಕಾರಣ ಬೇಕೆಂದರೆ ಅದೂ ಇದೆ. ಬ್ಯಾಂಕಿನಲ್ಲಿದ್ದಾಗ ವರ್ಷಾಂತ್ಯದ ಲೆಕ್ಕ ಮುಗಿಸಿ ತಡರಾತ್ರಿ ಮನೆಗೆ ಬಂದ ಮೇಲೆ ಶ್ರೀನಿವಾಸರ ಕ್ಯಾಸೆಟ್ಟು ಹಾಕಿಕೊಂಡು ಕೂರುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ ಮೊದಲು ಮಂಡಿ, ಆಮೇಲೆ ಶ್ರೀನಿವಾಸ್.

ವಾದ್ಯ ನಮ್ಮ ಕಡೆಯದಲ್ಲ. ಇಟಲಿಯ ನೇಪಲ್ಸ್‌ನಲ್ಲಿ 18ನೇ ಶತಮಾನದಲ್ಲಿ ಇದಕ್ಕೆ ಈಗಿನ ಕಟ್ಟು ಬಂತು. ಪಿಟೀಲಿನ ಶ್ರುತಿಯೇ ಇದರದೂ, ಜಿ, ಡಿ, ಎ, ಇ. ಆದರೆ ಪ್ರತಿ ತಂತಿಯ ಪಕ್ಕದಲ್ಲೂ ಅದೇ ಸ್ವರದ ಇನ್ನೊಂದು ತಂತಿ. ಹೀಗೆ ಎಂಟು. ಕಮಾನಿಲ್ಲದೆ, ಕಡ್ಡಿಯಲ್ಲಿ ಮೀಟುವ ಪುಟ್ಟ ವಾದ್ಯಕ್ಕೆ ದನಿ ಸಾಲದು. ಜೋಡಿ ತಂತಿ ಆ ಕೊರತೆ ತುಂಬುತ್ತದೆ. ನಮ್ಮ ಮೈಸೂರಿನ ಚೌಡಯ್ಯನವರು ಮೈಕಿಲ್ಲದ ಸಭೆಗಳಲ್ಲಿ ಪಿಟೀಲು ಕೊನೆಯ ಸಾಲಿಗೂ ಕೇಳಲೆಂದು ಮೂರು ತಂತಿ ಸೇರಿಸಿ ಏಳು ಮಾಡಿಕೊಂಡದ್ದರ ಹಿಂದೆಯೂ ಇದೇ ಯೋಚನೆ. ಅಮೆರಿಕದಲ್ಲಿ ಇದಕ್ಕೆ ತದ್ವಿರುದ್ಧ ನಡೆಯಿತು. ಬ್ಲೂಗ್ರಾಸ್ ಸಂಗೀತದ ಮೂಲಪುರುಷ ಬಿಲ್ ಮನ್ರೋ ಮನೆಗೆ ಕಿರಿಯ ಮಗ. ಪಿಟೀಲು, ಗಿಟಾರು ಅಣ್ಣಂದಿರ ಪಾಲಾಗಿ ಉಳಿದ ಮ್ಯಾಂಡೊಲಿನ್ ಅವನ ಕೈಗೆ ಬಂತು. ಅದರಲ್ಲೂ ಹುಡುಗನ ಸದ್ದು ಜಾಸ್ತಿಯಾದೀತೆಂದು ಅಣ್ಣಂದಿರು ನಾಲ್ಕು ತಂತಿ ಬಿಚ್ಚಿಸಿದರಂತೆ. ಈ ಕಥೆ ಕೇಳಿದ ದಿನದಿಂದ ನಮ್ಮ ಯಜಮಾನರಿಗೆ ಆ ಅಣ್ಣಂದಿರ ಮೇಲೆ ಬಹಳ ಗೌರವ.

ಎಂಟು ತಂತಿ ಅಂದರೆ ಎಂಟು ಬಿರಡೆ. ಜೋಡಿಯ ಎರಡು ತಂತಿಗಳು ಎಳ್ಳಷ್ಟು ಹೊಂದದಿದ್ದರೂ ಸ್ವರ ಅಲೆಯಲೆಯಾಗಿ ನಡುಗುತ್ತದೆ. ಬಿರಡೆ ತಿರುಗಿಸುತ್ತ ಹೋದಂತೆ ಅಲೆ ನಿಧಾನವಾಗುತ್ತದೆ, ಇನ್ನೂ ನಿಧಾನವಾಗುತ್ತದೆ, ನಿಲ್ಲುತ್ತದೆ. ಅಷ್ಟರಲ್ಲಿ ನೀವು ಆಸೆಯಿಂದ ಇನ್ನೊಂದು ಚೂರು ತಿರುಗಿಸಿರುತ್ತೀರಿ, ಮತ್ತೆ ನಡುಕ ಶುರು. ಮೊಬೈಲಿನ ಟ್ಯೂನರ್ ನೋಡಿ ಮಾಡಿದರೆ ಕ್ಷಣದ ಕೆಲಸ. ಮೇಷ್ಟ್ರು ಬಿಡುವುದಿಲ್ಲ. “ಕಣ್ಣಲ್ಲಿ ಶ್ರುತಿ ಮಾಡಿದ್ರೆ ಕಿವಿಗೇನು ಕೆಲಸ ಅಮ್ಮಾ?” ಅನ್ನುತ್ತಾರೆ. ನನ್ನ ಮಗನಿಗಿಂತ ಚಿಕ್ಕವರು. ನಾನು ಮೇಷ್ಟ್ರೇ ಅನ್ನುತ್ತೇನೆ, ಅವರು ಅಮ್ಮಾ ಅನ್ನುತ್ತಾರೆ, ಜೊತೆಗೆ ಕಲಿಯುವ ಮಕ್ಕಳು ಆಂಟಿ ಅನ್ನುತ್ತಾರೆ, ಎಲ್ಲರಿಗಿಂತ ಪುಟ್ಟವಳು ನೇರವಾಗಿ ಅಜ್ಜಿ ಅನ್ನುತ್ತಾಳೆ. ಮೇಷ್ಟ್ರು ಮೊದಲು ವೀಣೆ ಕಲಿತು ಆಮೇಲೆ ಈ ಕಡೆ ಬಂದವರು. ಇಟಲಿಯ ಶ್ರುತಿಯನ್ನು ಅವರು ಒಪ್ಪುವುದಿಲ್ಲ. ತೆಳು ತಂತಿಯ ಎರಡು ಜೋಡಿಗಳನ್ನು ಎರಡೆರಡು ಮೆಟ್ಟಿಲಿನಷ್ಟು ಇಳಿಸಿ, ನಮ್ಮ ಪಿಟೀಲಿನವರ ಹಾಗೆ ಸ-ಪ-ಸ-ಪ ಮಾಡಿಸಿದ್ದಾರೆ. ದಪ್ಪ ತಂತಿಗಳು ಮಂದ್ರದ ಷಡ್ಜ ಪಂಚಮ, ತೆಳು ತಂತಿಗಳು ಮಧ್ಯಸ್ಥಾಯಿಯ ಷಡ್ಜ ಪಂಚಮ.

ಪಾಠ ಶುರುವಾದದ್ದು ಎಲ್ಲರಿಗೂ ಶುರುವಾಗುವ ಮಾಯಾಮಾಳವಗೌಳದಿಂದಲೇ. ಸರಳೆ, ಜಂಟಿ, ಅಲಂಕಾರ ಎಂಬ ಈ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಎಂದು ಪರಂಪರೆ ನಂಬಿದೆ. ದಾಸರ ಕೈಯಲ್ಲಿದ್ದದ್ದು ತಂಬೂರಿ. ಅವರ ಕಾಲಕ್ಕೆ ನೇಪಲ್ಸ್‌ನ ಈ ವಾದ್ಯ ಇನ್ನೂ ಹುಟ್ಟಿರಲಿಲ್ಲ. ಆದರೂ ಆ ರಾಗ ಈ ವಾದ್ಯದ ಮೇಲೆ ಕೂರುವ ಚೆಂದ ನೋಡಿದರೆ ಎರಡೂ ಕಡೆಯವರು ಮೊದಲೇ ಮಾತಾಡಿಕೊಂಡಿದ್ದರೇನೋ ಅನ್ನಿಸುತ್ತದೆ. ಷಡ್ಜದ ತಂತಿಯನ್ನು ಬೆರಳಿಡದೆ ಮೀಟಿದರೆ ಸ. ಒಂದನೇ ಮೆಟ್ಟಿಲು ಶುದ್ಧ ಋಷಭ, ನಾಲ್ಕನೆಯದು ಅಂತರ ಗಾಂಧಾರ, ಐದನೆಯದು ಶುದ್ಧ ಮಧ್ಯಮ. ಪಕ್ಕದ ತಂತಿಗೆ ಹೋಗಿ ಬೆರಳಿಡದೆ ಮೀಟಿದರೆ ಪ. ಅಲ್ಲಿ ಒಂದನೆಯದು ಶುದ್ಧ ಧೈವತ, ನಾಲ್ಕನೆಯದು ಕಾಕಲಿ ನಿಷಾದ, ಐದನೆಯದು ಮೇಲಿನ ಷಡ್ಜ. ಸೊನ್ನೆ, ಒಂದು, ನಾಲ್ಕು, ಐದು. ತಂತಿ ಬದಲಿಸಿ, ಮತ್ತೆ ಸೊನ್ನೆ, ಒಂದು, ನಾಲ್ಕು, ಐದು. ಎಟಿಎಮ್ಮಿನ ಗುಟ್ಟಿನ ಅಂಕಿಯ ಹಾಗೆ ನಾಲ್ಕು ಅಂಕಿ ನೆನಪಿದ್ದರೆ ಇಡೀ ರಾಗದ ಆರೋಹಣ ಅವರೋಹಣ ಕೈಯಲ್ಲಿ.

ಬ್ಯಾಂಕಿನವರಿಗೆ ಇಂಥದ್ದು ಕಂಡರೆ ಸುಮ್ಮನಿರಲಾಗುವುದಿಲ್ಲ. ಮೇಳಕರ್ತದ ಪಟ್ಟಿ ಹರಡಿಕೊಂಡು ಕೂತೆ. 72 ಮೇಳಗಳ ಲೆಕ್ಕ ಕಟ್ಟಿದವನು 17ನೇ ಶತಮಾನದ ತಂಜಾವೂರಿನ ವೆಂಕಟಮಖಿ, ‘ಚತುರ್ದಂಡೀ ಪ್ರಕಾಶಿಕೆ’ಯಲ್ಲಿ. ಅವನ ತಂದೆ ಗೋವಿಂದ ದೀಕ್ಷಿತ ನಾಯಕ ಅರಸರ ಮಂತ್ರಿ, ಕನ್ನಡ ಮನೆತನದವನು. ತನ್ನ ಕಾಲಕ್ಕೆ ಬಳಕೆಯಲ್ಲಿದ್ದ ಮೇಳ 19 ಮಾತ್ರ ಎಂದು ಗೊತ್ತಿದ್ದೂ ವೆಂಕಟಮಖಿ 72ಕ್ಕೂ ಖಾತೆ ತೆರೆದಿಟ್ಟ, ಮುಂದೆ ಯಾರಾದರೂ ಬರಬಹುದು ಎಂದು. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲೇ. ಇರಲಿ. ಶುದ್ಧ ಮಧ್ಯಮದ ಮೊದಲ 36 ಮೇಳಗಳಲ್ಲಿ ಕೆಳಗಿನರ್ಧವೂ ಮೇಲಿನರ್ಧವೂ ಒಂದೇ ಅಳತೆಯವು ಯಾವುವು ಎಂದು ಹುಡುಕಿದೆ. 1, 8, 15, 22, 29, 36. ಕನಕಾಂಗಿ, ಹನುಮತೋಡಿ, ಮಾಯಾಮಾಳವಗೌಳ, ಖರಹರಪ್ರಿಯ, ಧೀರಶಂಕರಾಭರಣ, ಚಲನಾಟ. ಸರಿಯಾಗಿ ಏಳೇಳರ ಅಂತರ! ಈ ಆರಕ್ಕೂ ಎರಡು ತಂತಿಯ ಮೇಲೆ ಬೆರಳಿನ ದಾರಿ ಒಂದೇ. ತೋಡಿಯದು ಸೊನ್ನೆ, ಒಂದು, ಮೂರು, ಐದು. ಶಂಕರಾಭರಣದ್ದು ಸೊನ್ನೆ, ಎರಡು, ನಾಲ್ಕು, ಐದು. ಪಶ್ಚಿಮದ ಮಕ್ಕಳು ಮೇಜರ್ ಸ್ಕೇಲ್ ಎಂದು ಮೊದಲು ಕಲಿಯುವುದು ಈ ಕೊನೆಯದನ್ನೇ. ಕಲ್ಯಾಣಿಗೆ ಬಂದರೆ ಮಧ್ಯಮ ಆರನೇ ಮೆಟ್ಟಿಲಿಗೆ ಜರುಗಿ ಸಮ ತಪ್ಪುತ್ತದೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ನೀಟಾಗಿ ಗೆರೆ ಹಾಕಿ ಬರೆದು ಮೇಷ್ಟ್ರ ಮುಂದೆ ಹಿಡಿದೆ. ಅವರು ತುದಿಯಿಂದ ತುದಿಗೆ ಓದಿ, “ತುಂಬ ಚೆನ್ನಾಗಿದೆ ಅಮ್ಮಾ. ಈಗ ಎರಡನೇ ಸರಳೆ ನುಡಿಸಿ” ಅಂದರು.

ಹಾಳೆಯ ಮೇಲೆ ಒಂದರಿಂದ ನಾಲ್ಕಕ್ಕೆ ಹಾರುವುದು ಸುಲಭ. ಮ್ಯಾಂಡೊಲಿನ್ನಿನ ಮಿಡಿಯುವ ತಂತಿಯ ಉದ್ದ ಸುಮಾರು 35 ಸೆಂಟಿಮೀಟರ್. ಮೆಟ್ಟಿಲುಗಳು ಎಲ್ಲ ಕಡೆ ಒಂದೇ ಅಗಲವಿಲ್ಲ. ಮೊದಲನೆಯದು ಎರಡು ಸೆಂಟಿಮೀಟರಿನಷ್ಟು, ಹನ್ನೆರಡನೆಯದರ ಹೊತ್ತಿಗೆ ಒಂದಕ್ಕೆ ಇಳಿದಿರುತ್ತದೆ. ಋಷಭದಿಂದ ಗಾಂಧಾರಕ್ಕೆ ಐದು ಸೆಂಟಿಮೀಟರಿಗೂ ಹೆಚ್ಚು, ಗಾಂಧಾರದಿಂದ ಮಧ್ಯಮಕ್ಕೆ ಒಂದೂವರೆ. ಒಂದು ದೊಡ್ಡ ಜಿಗಿತ, ತಕ್ಷಣ ಒಂದು ಪುಟ್ಟ ಹೆಜ್ಜೆ. ಇಟಲಿಯ ಪದ್ಧತಿಯಲ್ಲಿ ಇದಕ್ಕೆ ಮೂರು ಬೆರಳು. ಒಂದೊಂದು ಜಾಗಕ್ಕೆ ಒಂದೊಂದು, ಯಾರೂ ಯಾರ ಜಾಗಕ್ಕೂ ಹೋಗುವಂತಿಲ್ಲ. ಚೊಕ್ಕವಾಗಿ ಕೇಳುತ್ತದೆ. ಮೇಷ್ಟ್ರದು ವೀಣೆಯ ಪದ್ಧತಿ, ತೋರುಬೆರಳು ನಡುಬೆರಳು ಎರಡೇ. ಅವು ತಂತಿಯ ಮೇಲೆ ಜಾರುತ್ತ ಹೋಗಬೇಕು. “ಹಾರಿದ್ರೆ ಸ್ವರ ಮಾತ್ರ ಸಿಗುತ್ತೆ, ಜಾರಿದ್ರೆ ದಾರಿನೂ ಸಿಗುತ್ತೆ” ಎಂಬುದು ಅವರ ವಾದ. ಜಾರಿದರೆ ಚರ್ಮವೂ ಹೋಗುತ್ತದೆ ಎಂಬುದು ನನ್ನ ತಿದ್ದುಪಡಿ. ತೆಳು ತಂತಿಗಳು ದಾರದಷ್ಟು ಸಣ್ಣ, ಉಕ್ಕಿನವು. ಬೆರಳ ತುದಿಯಲ್ಲಿ ಎರಡು ಜೋಡಿಗೆರೆ ಕೊರೆದುಬಿಡುತ್ತವೆ. ಆ ಗೆರೆ ಹಸಿಯಾಗಿರುವಾಗ ಒಗ್ಗರಣೆಗೆ ಹಸಿಮೆಣಸಿನಕಾಯಿ ಹೆಚ್ಚಿ ನೋಡಿ. ಮುಂದೆ ಅಲ್ಲಿ ಚರ್ಮ ಗಟ್ಟಿಯಾಗುತ್ತದೆ. ಆಗ ಬೇರೆ ಪೇಚು. ಪಿಂಚಣಿಗಾಗಿ ನಾನು ಬದುಕಿದ್ದೇನೆ ಎಂದು ಬೆರಳಚ್ಚು ಒತ್ತಲು ಹೋದಾಗ ಯಂತ್ರ ನನ್ನ ಎಡಗೈ ತೋರುಬೆರಳನ್ನು ಒಪ್ಪಲಿಲ್ಲ. ಕೌಂಟರಿನ ಹುಡುಗ “ಪಾತ್ರೆ ಜಾಸ್ತಿ ಉಜ್ತೀರಾ ಆಂಟಿ?” ಅಂದ. ಸಂಗೀತ ಕಣಪ್ಪಾ ಅಂದೆ. ನಂಬಿದ ಹಾಗೆ ಕಾಣಲಿಲ್ಲ. ಬಲಗೈ ಕೊಟ್ಟು ಬದುಕಿಕೊಂಡೆ.

ಇನ್ನೊಂದು ಲೆಕ್ಕ ನನ್ನ ನಿದ್ದೆ ಕೆಡಿಸಿದ್ದುಂಟು. ತಂಬೂರಿಯ ಮಂದ್ರ ತಂತಿ ಮೀಟಿ ಕಿವಿಗೊಟ್ಟರೆ ಅದರೊಳಗಿಂದ ಒಂದು ಗಾಂಧಾರ ತಾನಾಗಿ ಎದ್ದು ಬರುತ್ತದೆ. ಒಂದೇ ಸ್ಥಾಯಿಗೆ ತಂದು ಲೆಕ್ಕ ಹಾಕಿದರೆ ಅದರ ಕಂಪನ ಷಡ್ಜದ ಒಂದೂಕಾಲು ಪಟ್ಟು, 1.25. ಮ್ಯಾಂಡೊಲಿನ್ನಿನ ಮೆಟ್ಟಿಲುಗಳು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ ಕೂರಿಸಿದವು. ಆ ಪಾಲಿನಲ್ಲಿ ನಾಲ್ಕನೇ ಮೆಟ್ಟಿಲಿಗೆ ಬರುವುದು 1.26. ಒಂದು ಪೈಸೆ ಜಾಸ್ತಿ! ಕಂಪ್ಯೂಟರ್ ಬರುವ ಮುಂಚೆ ಒಂದು ಪೈಸೆ ತಾಳೆಯಾಗದೆ ಶಾಖೆಯವರೆಲ್ಲ ರಾತ್ರಿ ಕೂತು ಲೆಡ್ಜರು ತಿರುವಿದ ಕಾಲದವಳು ನಾನು, ನನಗೆ ಹೇಗೆ ಸಮಾಧಾನವಾಗಬೇಕು? ವೀಣೆಯಲ್ಲಾದರೆ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಮೇಳ ಕಟ್ಟುವವರು ಕಿವಿಯನ್ನೇ ನೆಚ್ಚಿ ಅವನ್ನು ಕೂರಿಸುತ್ತಾರೆ, ಬೇಕೆಂದರೆ ಮೇಣ ಮೆದು ಮಾಡಿ ಮತ್ತೆ ಸರಿಸಬಹುದು. ಇಲ್ಲಿ ಲೋಹದ ಮೆಟ್ಟಿಲು ಮರದೊಳಗೆ ಹೂತುಹೋಗಿದೆ. ತಂತಿ ಎಳೆದರೆ ಸ್ವರ ಮೇಲೇರಬಲ್ಲದೇ ಹೊರತು ಕೆಳಗಿಳಿಯದು. ಮೇಷ್ಟ್ರ ಹತ್ತಿರ ತಕರಾರು ತೆಗೆದೆ. ಅವರು ನನ್ನ ವಾದ್ಯ ಇಸಿದುಕೊಂಡು, ಬೆರಳನ್ನು ನಾಲ್ಕನೆಯದಕ್ಕೆ ಬದಲು ಮೂರನೇ ಮೆಟ್ಟಿಲಿನಲ್ಲಿಟ್ಟು, ತಂತಿಯ ಜೋಡಿಯನ್ನು ಅಡ್ಡಕ್ಕೆ ಎಳೆದು ಕೆಳಗಿನಿಂದ ಗಾಂಧಾರ ಮುಟ್ಟಿಸಿದರು. ಶ್ರುತಿಪೆಟ್ಟಿಗೆಯ ನಾದದಲ್ಲಿ ಅದು ಎಲ್ಲಿ ಸೇರಿಕೊಂಡಿತೋ ತಿಳಿಯಲಿಲ್ಲ. ಪೈಸೆ ಸಿಕ್ಕಿತ್ತು. “ಇದು ನಿಮಗೆ ಈಗ ಬೇಡ, ವರ್ಣಕ್ಕೆ ಬಂದಾಗ ನೋಡೋಣ” ಎಂದು ವಾದ್ಯ ವಾಪಸು ಕೊಟ್ಟರು. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡು ಎಳೆದು ನೋಡಿದೆ. ಜೋಡಿಯ ಎರಡು ತಂತಿಯನ್ನೂ ಒಂದೇ ಹದಕ್ಕೆ ಎಳೆಯುವುದು ಕಷ್ಟ, ಒಂದು ಮುಂದೆ ಹೋದರೆ ಇನ್ನೊಂದು ಹಿಂದೆ ಬೀಳುತ್ತದೆ. ಶ್ರೀನಿವಾಸ್ ಜೋಡಿಗಳನ್ನು ಬಿಟ್ಟು ಐದು ಒಂಟಿ ತಂತಿಯ ವಿದ್ಯುತ್ ಮ್ಯಾಂಡೊಲಿನ್ ಹಿಡಿದದ್ದು ಎಷ್ಟು ವಿವೇಕದ ಕೆಲಸ ಎಂಬುದು ಆಗ ನನ್ನ ಬೆರಳಿಗೆ ತಿಳಿಯಿತು.

ಇವೆಲ್ಲಕ್ಕಿಂತ ದೊಡ್ಡ ವಿಷಯವೊಂದಿದೆ. ಸರಳೆಯನ್ನು ಮೂರು ಕಾಲದಲ್ಲಿ ನುಡಿಸಬೇಕು. ಆದಿ ತಾಳದ ಒಂದು ಅಕ್ಷರಕ್ಕೆ ಒಂದು ಸ್ವರ ಒಂದನೇ ಕಾಲ, ಎರಡು ಸ್ವರ ಎರಡನೇ ಕಾಲ, ನಾಲ್ಕು ಸ್ವರ ಮೂರನೇ ಕಾಲ. ಹಾಡು ಕಲಿಯುವ ಮಕ್ಕಳಿಗೆ ಒಂದನೇ ಕಾಲ ಸುಲಭ, ಮೂರರಲ್ಲಿ ನಾಲಿಗೆ ತೊಡರುತ್ತದೆ. ಮ್ಯಾಂಡೊಲಿನ್ನಿನಲ್ಲಿ ಇದು ಅಡಿಮೇಲು. ಮೂರನೇ ಕಾಲದಲ್ಲಿ ಕಡ್ಡಿ ಮೇಲೆ ಕೆಳಗೆ ಚಕಚಕ ಓಡುತ್ತದೆ, ಮೆಟ್ಟಿಲು ಸ್ವರವನ್ನು ಸಿದ್ಧ ಮಾಡಿ ಇಟ್ಟಿರುತ್ತದೆ, ಮುತ್ತು ಚೆಲ್ಲಿದ ಹಾಗಿದೆ ಎಂದು ಕೇಳುವವರು ಹೊಗಳುತ್ತಾರೆ. ನಮ್ಮ ತರಗತಿಯ ಮಕ್ಕಳು ಮೂರನೇ ಕಾಲಕ್ಕೆ ಹಾತೊರೆಯುತ್ತಾರೆ, ಬಾಗಿಲಲ್ಲಿ ನಿಂತ ಅಪ್ಪ ಅಮ್ಮಂದಿರು ವಿಡಿಯೊ ಮಾಡುವುದೂ ಅದನ್ನೇ. ನನ್ನ ಅಭಿಪ್ರಾಯದಲ್ಲಿ ಈ ವಾದ್ಯದ ವೇಗ ಅದರ ಮುಖಸ್ತುತಿ. ಒಂದನೇ ಕಾಲಕ್ಕೆ ಇಳಿದ ತಕ್ಷಣ ಅದು ಹೊಗಳುವುದನ್ನು ನಿಲ್ಲಿಸುತ್ತದೆ.

ಸ ಎಂದು ಮೀಟುತ್ತೀರಿ. ಟಿಣ್ ಅನ್ನುತ್ತದೆ, ಸಾಯತೊಡಗುತ್ತದೆ. ಗಿಡ್ಡ ತಂತಿ, ಸಣ್ಣ ಬುರುಡೆ, ನಾದಕ್ಕೆ ಆಯುಸ್ಸಿಲ್ಲ. ಹಾಡುವವರು ಉಸಿರು ತುಂಬಿ ಷಡ್ಜವನ್ನು ಉಳಿಸುತ್ತಾರೆ, ಪಿಟೀಲಿನವರು ಕಮಾನು ಎಳೆದು ಉಳಿಸುತ್ತಾರೆ, ವೀಣೆಯ ಉದ್ದ ತಂತಿ ತಾನೇ ಒಂದಷ್ಟು ಹೊತ್ತು ಉಳಿಯುತ್ತದೆ. ಇಲ್ಲಿ ಋಷಭದ ಸರದಿ ಬರುವ ಮುಂಚೆಯೇ ಷಡ್ಜ ಮುಗಿದಿರುತ್ತದೆ, ತಾಳ ಹಾಕುವ ಕೈ ಇನ್ನೂ ಗಾಳಿಯಲ್ಲಿರುತ್ತದೆ. ಇಟಲಿಯವರು ಇದಕ್ಕೆ ಟ್ರೆಮೊಲೊ ಎಂಬ ಮದ್ದು ಮಾಡಿಕೊಂಡಿದ್ದಾರೆ. ಒಂದೇ ಸ್ವರವನ್ನು ಎಡೆಬಿಡದೆ ಮೀಟಿ ಮೀಟಿ ನಡುಗಿಸಿ ಬದುಕಿಸುವುದು. ಹಿಂದಿ ಸಿನಿಮಾದಲ್ಲಿ ಚಂದ್ರ, ದೋಣಿ, ನಾಯಕಿ ಮೂರೂ ಒಟ್ಟಿಗೆ ಬಂದಾಗ ಹಿಂದಿನಿಂದ ಕೇಳುವ ನಡುಕ ಅದೇ. ಸರಳೆಗೆ ಅದು ನಿಷಿದ್ಧ. ಅಕ್ಷರಕ್ಕೊಂದೇ ಮೀಟು.

ಆ ಖಾಲಿಯಲ್ಲಿ ಏನು ಮಾಡಬೇಕು ಎಂದು ಕೇಳಿದೆ. “ಏನೂ ಮಾಡ್ಬೇಡಿ, ಬೆರಳು ತೆಗೀಬೇಡಿ ಅಷ್ಟೇ” ಅಂದರು ಮೇಷ್ಟ್ರು. ಕಲಿಯುವವರೆಲ್ಲ ಸ್ವರ ಮೀಟಿದ ಕೂಡಲೇ ಮುಂದಿನ ಮೆಟ್ಟಿಲಿಗೆ ಕೈ ಎತ್ತಿಬಿಡುತ್ತೇವೆ. ಇದ್ದ ಅಲ್ಪಾಯುಸ್ಸನ್ನೂ ಅರ್ಧಕ್ಕೆ ಮೊಟಕು ಮಾಡುವವರು ನಾವೇ. ಬೆರಳು ಒತ್ತಿದ್ದು ಒತ್ತಿದ ಹಾಗೇ ಇದ್ದರೆ, ಮೆಟ್ಟಿಲಿನ ಮಧ್ಯೆ ಅಲ್ಲ, ಅದರ ಅಂಚಿಗೆ ತಾಗಿದ ಹಾಗೆ ಇದ್ದರೆ, ಮುಂದಿನ ಮೀಟಿನವರೆಗೂ ಒಂದು ಎಳೆ ಉಳಿದಿರುತ್ತದೆ. ಮೊದಲ ಮೀಟಿನ ಸದ್ದು ಅಡಗಿದ ಮೇಲೆ ಕೇಳುವ ಆ ಎಳೆಯಲ್ಲೇ ಸ್ವರ ಸರಿಯಿದೆಯೋ ಇಲ್ಲವೋ ತಿಳಿಯುವುದು. ಮೂರನೇ ಕಾಲದಲ್ಲಿ ಇದು ಯಾರಿಗೂ ಕೇಳಿಸುವುದಿಲ್ಲ, ನುಡಿಸುವವರಿಗೂ.

ಶ್ರೀನಿವಾಸರ ಬಾಲ್ಯದ ಕಥೆ ನನಗೆ ಇಲ್ಲಿ ಬಹಳ ಪ್ರಸ್ತುತವಾಗಿ ಕಾಣುತ್ತದೆ. 1969ರಲ್ಲಿ ಆಂಧ್ರದ ಪಾಲಕೊಲ್ಲುವಿನಲ್ಲಿ ಹುಟ್ಟಿದವರು. ತಂದೆಯ ಮ್ಯಾಂಡೊಲಿನ್ ಕೈಗೆತ್ತಿಕೊಂಡಾಗ ಇನ್ನೂ ಪುಟ್ಟ ಹುಡುಗ. ಚೆಂಬೈ ವೈದ್ಯನಾಥ ಭಾಗವತರ ಶಿಷ್ಯರಾದ ರುದ್ರರಾಜು ಸುಬ್ಬರಾಜು ಅವರ ಗುರು. ಸುಬ್ಬರಾಜು ಅವರಿಗೆ ಮ್ಯಾಂಡೊಲಿನ್ ನುಡಿಸಲು ಬರುತ್ತಿರಲಿಲ್ಲ. ಅವರು ಹಾಡುತ್ತಿದ್ದರು, ಹುಡುಗ ಅದನ್ನು ತಂತಿಯ ಮೇಲೆ ಹುಡುಕಿಕೊಳ್ಳುತ್ತಿದ್ದ. ಯಾವ ಬೆರಳು ಎಲ್ಲಿ ಎಂದು ಹೇಳಿಕೊಡುವವರು ಯಾರೂ ಇರಲಿಲ್ಲ; ಸೊನ್ನೆ, ಒಂದು, ನಾಲ್ಕು, ಐದು ಎಂಬ ನನ್ನ ಹಾಳೆಯೂ ಇರಲಿಲ್ಲ. ಒಂಬತ್ತರ ವಯಸ್ಸಿನಲ್ಲಿ, 1978ರಲ್ಲಿ, ಗುಡಿವಾಡದ ತ್ಯಾಗರಾಜ ಉತ್ಸವದಲ್ಲಿ ಮೊದಲ ಕಛೇರಿ. ವಿದ್ಯುತ್ ವಾದ್ಯದಲ್ಲಿ ಕರ್ನಾಟಕ ಸಂಗೀತವೇ ಎಂದು ಮೂಗು ಮುರಿದವರು ಕೇಳಿದ ಮೇಲೆ ಸುಮ್ಮನಾದರು. ಗಂಟಲಿನಿಂದ ಕಲಿತ ಕೈ ಅದು. 2014ರಲ್ಲಿ ಬರೀ 45ರ ವಯಸ್ಸಿಗೆ ಹೋಗಿಬಿಟ್ಟರು. ಅವರ ವೇಗವನ್ನು ಜನ ಹೊಗಳುತ್ತಾರೆ. ನಾನು ಈಗೀಗ ಆ ಹಳೆಯ ಕ್ಯಾಸೆಟ್ಟುಗಳಲ್ಲಿ ಅವರು ಸುಮ್ಮನೆ ಒಂದು ಸ್ವರದ ಮೇಲೆ ನಿಂತ ಜಾಗಗಳನ್ನು ಹಿಂದಕ್ಕೆ ತಿರುಗಿಸಿ ಕೇಳುತ್ತೇನೆ. ಟೇಪು ಸವೆದು ಅಲ್ಲಲ್ಲಿ ಎಳೆಯುತ್ತದೆ, ಅದೂ ಗಮಕದ ಹಾಗೇ ಕೇಳುತ್ತದೆ.

ನಮ್ಮ ಮೇಷ್ಟ್ರೂ ಈಗ ಆ ದಾರಿ ಹಿಡಿದಿದ್ದಾರೆ. ಜಂಟಿ ವರಸೆಗೆ ಬಂದ ಮೇಲೆ ಬೆರಳು ತೋರಿಸುವುದನ್ನು ಬಿಟ್ಟರು. ಸಸ ರಿರಿ ಗಗ ಎಂದು ಹಾಡುತ್ತಾರೆ. ಎರಡನೇ ಸ್ವರಕ್ಕೆ ಬರುವಾಗ ಕೆಳಗಿನ ಸ್ವರವನ್ನು ಚೂರು ಸವರಿಕೊಂಡು ಬರಬೇಕು, ಅದು ಕಂಡರೂ ಕಾಣದ ಹಾಗಿರಬೇಕು. ಮಕ್ಕಳು ಕೇಳಿದ ಕೂಡಲೇ ನುಡಿಸುತ್ತಾರೆ. ನನಗೆ ಮೊದಲು ಅಂಕಿ ಕಾಣುತ್ತದೆ, ಆಮೇಲೆ ಕಿವಿ ಕೇಳುತ್ತದೆ. ಮೂವತ್ತು ಚಿಲ್ಲರೆ ವರ್ಷದ ಅಭ್ಯಾಸ, ಬಿಡು ಅಂದರೆ ಬಿಡುತ್ತದೆಯೇ? ಅಜ್ಜಿ ಅನ್ನುವ ಪುಟ್ಟಿ ಪಿಳ್ಳಾರಿ ಗೀತೆಗೆ ಹೋಗಿಬಿಟ್ಟಿದ್ದಾಳೆ. ಆ ಗೀತೆಯ ರಾಗವಾದ ಮಲಹರಿಯ ಆರೋಹಣದಲ್ಲಿ ಗಾಂಧಾರವೇ ಇಲ್ಲ, ಹತ್ತುವಾಗ ಸೊನ್ನೆ, ಒಂದು, ಐದು ಅಷ್ಟೇ ಎಂದು ನಾನು ಅವಳಿಗೆ ವಿವರಿಸಲು ಹೋದೆ. “ಅದೆಲ್ಲ ನಂಗೊತ್ತಿಲ್ಲ ಅಜ್ಜಿ, ಹಾಡಿದ್ರೆ ಬರುತ್ತೆ” ಅಂದಳು.

ಸದ್ಯ ಅಲಂಕಾರದಲ್ಲಿದ್ದೇನೆ. ಸಪ್ತತಾಳಗಳಲ್ಲಿ ಧ್ರುವ, ಮಠ್ಯ, ರೂಪಕ ದಾಟಿ ಝಂಪೆಗೆ ಬಂದು ಸಿಕ್ಕಿಕೊಂಡಿದ್ದೇನೆ. ಏಳು, ಒಂದು, ಎರಡು, ಒಟ್ಟು ಹತ್ತು ಅಕ್ಷರ. ಎರಡು ಕೈಯೂ ವಾದ್ಯದ ಮೇಲಿರುವುದರಿಂದ ತಾಳವನ್ನು ಪಾದದಲ್ಲಿ ತಟ್ಟಬೇಕು, ಏಳರ ಬಾಲಕ್ಕೆ ಅಂಟಿದ ಆ ಒಂಟಿ ಅಕ್ಷರ ಪಾದಕ್ಕೆ ಹತ್ತುವುದಿಲ್ಲ. ಬೆಳಗ್ಗೆ ಯಜಮಾನರು ಪೇಪರಿನ ಹಿಂದೆ ಮುಖ ಹುದುಗಿಸಿಕೊಂಡು ಕೂತಿರುತ್ತಾರೆ. ಅವರಿಗೆ ಸಂಗೀತ ಬರುವುದಿಲ್ಲ, ಆಸಕ್ತಿಯೂ ಇಲ್ಲ, ತಂತಿ ಬಿಚ್ಚುವ ಪ್ರಸ್ತಾಪ ಇನ್ನೂ ವಾಪಸು ಪಡೆದಿಲ್ಲ. ಮೊನ್ನೆ ಒಂದನೇ ಕಾಲದಲ್ಲಿ ನಾನು ನಿಧಾನವಾಗಿ ನುಡಿಸುತ್ತ ಹೋಗುವಾಗ ಪೇಪರಿನ ಅಂಚು ಬಗ್ಗಿತು.

“ಒಂದು ನುಂಗಿದೆ.”

“ಎಲ್ಲಿ?”

“ಏಳಾದ ಮೇಲೆ. ಮತ್ತೆ ಮೊದಲಿಂದ ಬಾರಿಸು, ನನಗೂ ಲೆಕ್ಕ ತಪ್ಪಿಹೋಯ್ತು.”